ಭಾನುವಾರದ ಇಪ್ಪತ್ತೇಳು

ಪುಣೆ, ರಾಸ್ತಾ ಪೇಠೆ, ಮಾಳಿಗೆಯ ಮೇಲೊಂದು ಕೋಣೆ.
ಹಗಲೆಲ್ಲ ಹಲ್ಲು:
ಯಾರದೋ ವಸಡಿನ ಅಚ್ಚು, ಯಾರದೋ ದವಡೆ,
ಗುಲಾಬಿ ಮೇಣ, ಬಿಳಿ ಜಿಪ್ಸಮ್ಮು.
ರಾತ್ರಿ ಎಂಟರ ಮೇಲೆ ಅದೇ ಮೇಜು, ಅದೇ ಡ್ರಿಲ್ಲು,
ಅದೇ ಭೂತಗನ್ನಡಿ.
ತೋರುಬೆರಳುದ್ದದ ಸಂಸಾರಸ್ಥ ಕಾರುಗಳನ್ನು
ಪಂದ್ಯಕ್ಕೆ ಅಣಿಗೊಳಿಸುತ್ತೇನೆ.

ಜೂನಾ ಬಜಾರಿನ ಬುಧವಾರ, ಬೀಗ ಬೋಲ್ಟು
ಕೆಟ್ಟ ರೇಡಿಯೋಗಳ ರಾಶಿಯಲ್ಲಿ
ಬಾಗಿಲು ಕಿತ್ತು ಬಿದ್ದದ್ದನ್ನು ಆಯುತ್ತೇನೆ.
ನಲವತ್ತೆಂದರೆ ಇಪ್ಪತ್ತು. ಗಾಲಿ ಇರದಿದ್ದರೆ ಹತ್ತು.
ತಂದಮೇಲೆ ಸುಲಿಯುವುದು:
ಬಣ್ಣ, ಬಂಪರು, ಕೊನೆಗೆ ಹಿಂದಿನ ಸೀಟು.
ಅಲ್ಲಿ ಮಾತ್ರ ಪ್ರತಿಸಲ ಕೈ ಒಂಚೂರು ತಡೆಯುತ್ತದೆ,
ಇಬ್ಬರು ಮಕ್ಕಳು ಕೂರುವ ಜಾಗ.
ಹಲ್ಲು ನೆಟ್ಟಗಾಗಿಸುವ ತಂತಿ ಬಾಗಿಸಿ
ಒಳಗೊಂದು ಪಂಜರ ಕಟ್ಟುತ್ತೇನೆ,
ಉರುಳಿದರೂ ಚಾಲಕನ ತಲೆ ಉಳಿಯಲಿ.
ಚಾಲಕನಿಲ್ಲ. ಇದ್ದರೂ ತೊಗರಿಕಾಳಷ್ಟು ತಲೆ.
ಆದರೂ.

ಅರವತ್ತೊಂದು ನಿಂತಿವೆ ಕಪಾಟಿನಲ್ಲಿ.
ಹೆಂಡತಿ ಎಣಿಸುವುದಿಲ್ಲ, ಒರೆಸುವುದೂ ಇಲ್ಲ.
'ದವಡಿಗೂ ಕಾರಿಗೂ ಒಂದ ಕಪಾಟ ಯಾಕ್ರೀ?'
ಅಂದಿದ್ದಳು ಒಮ್ಮೆ.
ದೀಪ ಆರಿಸಿ ನೋಡಿದೆ:
ಮುಂಭಾಗದ ಜಾಲರಿಗಳೂ ಹಲ್ಲುಸೆಟ್ಟುಗಳೂ
ಒಟ್ಟಿಗೇ ನಗುತ್ತಿದ್ದವು.

ಉಲ್ಕಾ ಭಿಲಾರೆ ಬಂದದ್ದು ಮಾವನ ಹಲ್ಲಿಗೆ.
ಕಪಾಟು ನೋಡಿ ನಿಂತಳು.
'ನಮ್ಮಪ್ಪ ಓಡಿಸಿದ್ದು ಮಾಡಿಕೊಡುವಿರಾ?
ಫಿಯೆಟ್. ನಂಬರು ಇಪ್ಪತ್ತೇಳು.
ಊರಾಚೆಯ ಹಳೆ ವಿಮಾನಪಟ್ಟಿಯಲ್ಲಿ
ಡಾಂಬರಿನ ಡ್ರಮ್ಮು ಸುತ್ತಿ ಓಡುತ್ತಿದ್ದರಂತೆ.'
ತಂದ ಫೋಟೋದಲ್ಲಿ ಕಾರಿಗಿಂತ ಧೂಳು ಹೆಚ್ಚು.
ಬಣ್ಣ ಯಾವುದು?
ಅಮ್ಮ ಹಸಿರೆನ್ನುತ್ತಾಳೆ. ಚಿಕ್ಕಪ್ಪ ಆಣೆಯಿಟ್ಟು ನೀಲಿ.
ಆರು ವರ್ಷದ ತನಗೆ ನೆನಪಿರುವುದು ಕೆಂಪು.
ಅಪ್ಪ?
ಕೇಳಿದರೆ ಟೀ ತರಿಸುತ್ತಾನೆ.

ನನಗೂ ತರಿಸಿದ, ಭವಾನಿ ಪೇಠೆಯ ಗ್ಯಾರೇಜಿನಲ್ಲಿ,
ಟೈರಿನ ಮೇಲೆ ಕೂತ ದತ್ತೋಬಾ.
ಕಟಿಂಗ್ ಮುಗಿಯುವ ತನಕ ಸುಮ್ಮನಿದ್ದು
ಮಗಳು ಫೋನಿಗೆಂದು ಆಚೆ ಹೋದಾಗ ಅಂದ:
'ಮೂವರೂ ಸರಿ.
ನನ್ನದು ಅಂತ ಕಾರು ಎಲ್ಲಿತ್ತು?
ರಿಪೇರಿಗೆ ಬಂದವು. ನೀಲಿ ವಕೀಲರದ್ದು,
ಕೆಂಪು ಬಟ್ಟೆ ಅಂಗಡಿಯವರದ್ದು, ಹಸಿರು ಡಾಕ್ಟರದ್ದು.
ಶನಿವಾರ ರಾತ್ರಿ ಸೀಟು ಬಿಚ್ಚುವುದು,
ಸುಣ್ಣದಲ್ಲಿ ನಂಬರು ಬರೆಯುವುದು,
ಭಾನುವಾರ ಓಡಿಸುವುದು.
ಸೋಮವಾರ ಒಂಬತ್ತಕ್ಕೆ ತೊಳೆದು ನಿಲ್ಲಿಸಿದರೆ
ಡಾಕ್ಟರು ಅಂತಿದ್ದರು,
ದತ್ತೋಬಾ, ಏನು ಕೈಗುಣವೋ, ಗಾಡಿ ಹಾರುತ್ತದೆ!'
ಮೂಲೆಯ ಅಲ್ಯೂಮಿನಿಯಂ ಕಪ್ಪು ತೋರಿಸಿದ.
ಮೂರನೇ ಬಹುಮಾನ. ತುಂಬ ವಾಷರುಗಳು.
'ಯಾವುದು ಮಾಡಲಿ?'
'ಡಾಕ್ಟರದ್ದು ಮಾಡು. ತಿರುವಿನಲ್ಲಿ ಜಾರುತ್ತಿರಲಿಲ್ಲ ಪಾಪ.'

ಮೂರು ವಾರ ಹಿಡಿಯಿತು.
ಹಸಿರು ಹದಕ್ಕೆ ಬರಲು ನಾಲ್ಕು ಸಲ ಸುಲಿದೆ.
ಅಂಟಿಸುವ ಅಂಕಿ ಬೇಡವೆಂದು
ಅಚ್ಚಿನ ಜಿಪ್ಸಮ್ಮನ್ನೇ ನೀರಾಗಿ ಕಲಸಿ
ಮೂರೇ ಕೂದಲಿನ ಕುಂಚದಲ್ಲಿ ಬರೆದೆ, ಉಸಿರು ಕಟ್ಟಿ:
ಇಪ್ಪತ್ತೇಳು, ಏಳರ ಬಾಲ ಕೊಂಚ ಸೊಟ್ಟ.

ಅಂಗೈ ಮೇಲೆ ತಗೊಂಡ.
ಮೊದಲು ಮಗುಚಿ ಹೊಟ್ಟೆ ನೋಡಿದ, ಮೆಕ್ಯಾನಿಕ್ಕಲ್ಲವೇ.
ಒಂದು ಕಣ್ಣು ಮುಚ್ಚಿ ಕಿಟಕಿಯಲ್ಲಿ ಇಣುಕಿ
ಪಂಜರಕ್ಕೆ ತಲೆದೂಗಿದ.
ಅಂಗೈಯನ್ನೇ ಬಲಕ್ಕೆ ವಾಲಿಸಿ, ಮತ್ತೆ ಎಡಕ್ಕೆ,
ಯಾವುದೋ ಡ್ರಮ್ಮು ಸುತ್ತಿಸಿದ.
'ಇವತ್ತು ಯಾವ ವಾರ?'
'ಸೋಮವಾರ ಬಾಬಾ.'
ಹೆಬ್ಬೆರಳಿಗೆ ಉಗುಳು ಹಚ್ಚಿ
ಉಜ್ಜಿಬಿಟ್ಟ.
ಉಲ್ಕಾ ಚೀರಿದಳು. ಅವನು ತಿರುಗಲಿಲ್ಲ.
ಹೆಬ್ಬೆರಳ ಗೆರೆಗಳಲ್ಲಿ ಹಳೆ ಆಯಿಲಿನ ಕಪ್ಪು,
ಅದರ ಮೇಲೆ ಈಗ ತುಸು ಬಿಳಿ.

'ಹಿಂದಿನ ಸೀಟು?' ಅಂದ, ನನ್ನ ಕಡೆ ಕೈ ಚಾಚಿ.

ಬೆಂಕಿಪೊಟ್ಟಣ ತೆರೆದು ಕೊಟ್ಟೆ.