ಇದು ಯಾವ ಭಾಗ?

ಆಯಿ ಕೇಳಿದಳು:
ದಿನಾ ಏನ ಮಾಡತೀಯೋ ಯಲಗೂರ, ಆ ಗಾಜಿನ ಅಂಗಡ್ಯಾಗ?
ಬ್ರೆಡ್ಡಿನ ನಡುವ ಇಡತೀರಲ್ಲ ಮಾಂಸ,
ಅದು ಯಾವ ಭಾಗ? ತೊಡಿದೋ, ಪಕ್ಕಡಿದೋ, ಕುತ್ತಿಗಿದೋ?

ಏನಂತ ಹೇಳಲಿ.
ಪುಣೆ ಕಡಿಂದ ನಸುಕಿಗೆ ಲಾರಿ ಬರತೈತಿ,
ಬಾಗಿಲಾ ತೆಗದರ ತಣ್ಣನ್ನ ಹಬಿ.
ಒಳಗ ಹೊರಸಿನ ಕಾಲಿನಂಥಾ ಉರುಳಿ,
ಪ್ಲಾಸ್ಟಿಕ್ ಅಂಗಿ ತೊಟ್ಟಿರತೈತಿ.
ಕೋಳಿ ಅಂತ ಬರದಾರ. ನಾ ನಂಬೇನಿ.

ಸೊನ್ನಿಗಿಂತ ಹದಿನೆಂಟು ಡಿಗ್ರಿ ಕೆಳಗ ಮಲಗಿದ್ದನ್ನ
ರಾತ್ರಿಯೆಲ್ಲಾ ನಾಕು ಡಿಗ್ರಿಯೊಳಗಿಟ್ಟು
ಸಾವಕಾಶ ಎಬ್ಬಸಬೇಕು, ಕೂಸಿನ್ನ ಎಬ್ಬಿಸಿದಂಗ.
ಮ್ಯಾಲೊಂದು ಚೀಟಿ:
ತೆಗೆದ ತಾಸು, ಸಾಯೋ ತಾಸು.
ಸತ್ತದ್ದಕ್ಕ ಮತ್ತ ಸಾಯೋ ತಾಸು ಬರಿಯಾಂವ ನಾನ.

ಆಮ್ಯಾಲ ಗಾಲಿ ತಿರುಗತೈತಿ.
ಹಾಳಿ. ಹಾಳಿ. ಹಾಳಿ.
ಲಗ್ನಪತ್ರಕಿಗಿಂತಾ ತೆಳು.
ಆರು ಹಾಳಿಗೆ ನಲವತ್ತು ಗ್ರಾಂ,
ನಲವತ್ತೆರಡಾದರ ಮ್ಯಾನೇಜರ್ ಗುರುಪಾದ ಕೆಮ್ಮತಾನ.
ಹನ್ನೊಂದು ಸೆಕೆಂಡ್ ಬಿಸಿ, ಕುಂಯ್ ಅಂತೈತಿ ಡಬ್ಬಿ.
ಮ್ಯಾಲಿನ ಕರೀ ಗೀಟು?
ಅವು ಕಾರ್ಖಾನ್ಯಾಗ ಎಳದು ಕಳಸತಾರ,
ಕೆಂಡಾನ ಕಾಣದ ಮೈಮ್ಯಾಲ.

ಆಯಿ ನಕ್ಕಳು, ಬರೇ ಒಸಡು.

ಹಳೀ ಬಾಗಲಕೋಟ್ಯಾಗ ನಿಮ್ಮಜ್ಜಂದು ಹುಣಸೀ ಕೊರಡಿತ್ತು,
ಹಿನ್ನೀರು ಬಂದಾಗ ನಾಕು ಮಂದಿಗೂ ಏಳಲಿಲ್ಲ, ಬಿಟ್ಟು ಬಂದಿವಿ.
ಈಗ ಮೀನ ನೆಕ್ಕತಿರಬೇಕು.
ಗಿರಾಕಿ ಬಾಯಿ ತೆಗಿಯೂದರೊಳಗ ಅಂವ ಕತ್ತಿ ಹಾಕತಿದ್ದ:
ಇವರ ಮನ್ಯಾಗ ಬಾಣಂತಿ, ಕಾಲು ಕೊಡು.
ಇವರಿಗೆ ಬೀಗರು ಬಂದಾರ, ಪಕ್ಕಡಿ.
ಈ ಮಾಸ್ತರಗ ಪಗಾರ ಆಗಿಲ್ಲ, ತೂಕದಾಗ ಕಲ್ಲು ನೋಡಬ್ಯಾಡ.
ರಾತ್ರಿ ಅಂವ ಮನಿಗೆ ಬಂದರ ಹಿಂದ
ಓಣೀ ಬೆಕ್ಕೆಲ್ಲಾ ದಿಬ್ಬಣ.

ನಿನ್ನೆ,
ಚೀಟಿಯ ತಾಸು ಮುಗದ ಎರಡು ಹಾಳಿ.
ತೂಗಿ, ಬರದು, ಒಗೀಬೇಕು. ತೂಗಿದೆ, ಬರದೆ.
ಗುರುಪಾದ ಕೆಮ್ಮೂದರೊಳಗ ಕಿಸೇಕ ಇಳಿಸಿದೆ.

ಆಯಿ ಕಣ್ಣು ಮುಚ್ಚಿ ಬಾಯಾಗಿಟ್ಟಳು.
ಥೂ ಅಂತಾಳ ಅಂತ ಕುಂತೆ,
ಅಜ್ಜನ ಹೆಸರು ತಗೀತಾಳ ಅಂತ ಕುಂತೆ.

‘ಮೆತ್ತಗೈತಿ,’ ಅಂದಳು.
‘ಹಲ್ಲು ಹೋಗಿ ಒಂಬತ್ತು ವರ್ಷಾತು,
ಇವತ್ತ ನೋಡು ಮಾಂಸ ಒಳಗ ಹೋದದ್ದು.
ನಾಳೆನೂ ತಾ. ಉಪ್ಪು ಕಡಿಮಿ ಮಾಡಂತ ಹೇಳು.’

ಯಾರಿಗೆ ಹೇಳಲಿ, ಪುಣೆ ಲಾರಿಗೆ?

ನಾನೂ ದಿನಾ ಐದು ಕಿಲೋ ಮುಟ್ಟತೇನಿ,
ಕೈಗವಸಿನೊಳಗಿಂದ.
ರಾತ್ರಿ ಹನ್ನೊಂದಕ್ಕ, ನವನಗರದ ಸೆಕ್ಟರಿನ್ಯಾಗ
ಗೆರಿ ಹೊಡದಂಥಾ ರಸ್ತಾ.
ಕಾರಿನ ಬುಡಕ ಮಲಗಿದ ಬೆಕ್ಕು
ಒಂದು ಕಣ್ಣು ತಗೀತೈತಿ,
ನನ್ನ ಕೈ ನೋಡತೈತಿ,
ಮುಚ್ಚತೈತಿ.