ಎಂಟು ನಿಮಿಷದ ರೋಗಿ

ರಾತ್ರಿ ಪಾಳಿಯ ಎರಡೂವರೆಗೆ, ವಾರ್ಡು ತಣ್ಣಗಾದ ಮೇಲೆ,
ಯಲಗೂರಪ್ಪ ಸ್ಟೂಲಿನ ಮೇಲೆ ಕೂತು
ಮಿಸ್ಟರ್ ಥಾಮ್ಸನ್ ಆಗುತ್ತಾನೆ.
ವಯಸ್ಸು ಐವತ್ತೆರಡು. ಬಸ್ ಚಾಲಕ. ಎದೆನೋವು.
ಸ್ಟ್ರೆಚರ್ ತಳ್ಳಿ ಸವೆದ ಅಂಗೈಯನ್ನು
ಎದೆಯ ಎಡಕ್ಕಿಟ್ಟು "ಅಯ್ಯಯ್ಯಪ್ಪಾ" ಅನ್ನುತ್ತಾನೆ.
ಅಲ್ಲಿಯವರು ಹಾಗನ್ನುವುದಿಲ್ಲ ಎಂದರೆ
"ಹಂಗಾರ ನೋವಾದ್ರ ಅವ್ರು ಏನಂತಾರ್ರಿ, ಮ್ಯಾಡಮ್ಮಾರ?"

ಮ್ಯಾಂಚೆಸ್ಟರಿನ ಪರೀಕ್ಷೆಗೆ ಇನ್ನು ಮೂವತ್ತೊಂದು ದಿನ.
ಫೀಸಿಗೆಂದು ಸ್ಕೂಟಿ ಮಾರಿದೆ;
ಜಲನಗರದಿಂದ ಈಗ ಟಂಟಂ ಹತ್ತಿ ಬರುತ್ತೇನೆ.

ಅಲ್ಲಿ ರೋಗಿಯೆಂದರೆ ನಟ. ಎಂಟು ನಿಮಿಷಕ್ಕೊಂದು ಗಂಟೆ.
ಮೊದಲು ನನ್ನ ಹೆಸರು ಹೇಳಬೇಕು, ಆಮೇಲೆ ಕೂಡಬೇಕು,
ನಿಂತು ಮಾತಾಡಿದರೆ ನಡೆಯುವುದಿಲ್ಲ,
ಮತ್ತು ಕೇಳಲೇಬೇಕು, ಮರೆತರೆ ಅಂಕ ಹೋಯಿತು:
ನಿಮಗೆ ಯಾವುದರ ಅಂಜಿಕೆ ಇದೆ?

ಆರು ವರ್ಷ ಈ ವಿಜಯಪುರದಲ್ಲಿ, ದಿನಕ್ಕೆ ನೂರಿಪ್ಪತ್ತು ಚೀಟಿ.
ನಾಲಗೆ ನೋಡಿದ್ದೇನೆ, ರೆಪ್ಪೆ ಜಗ್ಗಿ ರಕ್ತ ನೋಡಿದ್ದೇನೆ.
ಕಲಮಲ, ಸಳಕು, ಜೋಮು,
ಹೊಟ್ಟ್ಯಾಗ ಬೆಂಕಿ ಇಟ್ಟಂಗ, ಬೆನ್ನಾಗ ಇರಿವಿ ಹರದಂಗ,
ಎಲ್ಲಕ್ಕೂ ಒಂದೊಂದು ಗುಳಿಗೆ ಬರೆದಿದ್ದೇನೆ.
ಇದೊಂದನ್ನು ಯಾರಿಗೂ ಕೇಳಿಲ್ಲ.

ಕೇಳಿಯೇ ನೋಡೋಣವೆಂದು ಗುರುವಾರ ಓಪಿಡಿಯಲ್ಲಿ
ಎಂಬತ್ತಮೂರನೆಯ ಚೀಟಿ, ತಿಕೋಟಾದ ಚಂಪಾಬಾಯಿಗೆ
ಕೇಳಿದೆ. ಆಕೆ ಸೆರಗು ಬಿಗಿಹಿಡಿದಳು:
"ಯಾಕ ಯವ್ವಾ, ಅಂಜುವಂಥಾದ್ದು ಏನರ ಕಂಡೈತೇನು?"
ಹಿಂದೆ ನಿಂತವರು ಒಂದು ಹೆಜ್ಜೆ ಮುಂದೆ ಬಂದರು.
ಬರೀ ಪಿತ್ತವೆಂದು ನಂಬಿಸುವಷ್ಟರಲ್ಲಿ
ಹದಿನೇಳು ನಿಮಿಷ.

ನಿನ್ನೆ ರಾತ್ರಿ ಮತ್ತೆ ಮೊಬೈಲಿನಲ್ಲಿ ಗಂಟೆ ಇಟ್ಟೆ.
ನನ್ನ ಇಂಗ್ಲಿಷು ಚೆನ್ನಾಗಿ ಬಂತು,
ಸ್ವಲ್ಪ ಹೆಚ್ಚೇ ಚೆನ್ನಾಗಿ. ಥಾಮ್ಸನ್ ಆಕಳಿಸಿದ.
ಅದಕ್ಕೇ ಕೊನೆಯದನ್ನು ಅವನಿಗೆ ತಿಳಿಯುವ ಹಾಗೆ ಕೇಳಿದೆ:
ನಿಮಗ ಯಾವುದರ ಅಂಜಿಕಿ ಐತಿ?

ಹೇಳಬೇಕಾದ ಉತ್ತರ ಬಾಯಿಪಾಠ ಮಾಡಿಸಿದ್ದೆ.
ಹೇಳಲಿಲ್ಲ. ಎದೆಯ ಮೇಲಿದ್ದ ಕೈ
ಮೆಲ್ಲಗೆ ಇಳಿದು ಮೊಣಕಾಲ ಮೇಲೆ ಕೂತಿತು.
ಎಂಟನೇ ಮಂಚದ ಆಕ್ಸಿಜನ್ ಬಾಟಲಿಯಲ್ಲಿ
ಗುಳು ಗುಳು ಗುಳ್ಳೆ.

"ಇದು ಪರೀಕ್ಷಾಕ್ಕ ಕೇಳಾಕತ್ತೀರೋ,
ಖರೇನ ಕೇಳಾಕತ್ತೀರೋ?"

ಇನ್ನೂ ಮೂರು ನಿಮಿಷ ಉಳಿದಿತ್ತು.
ಕೂಡಲು ಇನ್ನೊಂದು ಸ್ಟೂಲಿರಲಿಲ್ಲ.
ಖಾಲಿ ಸ್ಟ್ರೆಚರಿನ ಅಂಚಿಗೆ ಕೂತೆ.