ಎರಡನೇ ಗೋಲಿಯ ಲೆಕ್ಕ

ನಮ್ಮದು ಮುಗಿದಿತ್ತು. ಮೂರು–ಸೊನ್ನೆ.
ನಾನು ಆಡಲಿಲ್ಲ. ಈ ವರ್ಷ ಪೂರ್ತಿ ಆಡಲಿಲ್ಲ.
ಬೆಂಚಿನಲ್ಲಿ ಕೂತವನಿಗೆ ಸಿಗುವ ಕೆಲಸ ಲೆಕ್ಕ.
ಬೆಂಗ್ರೆ ದೋಣಿಯ ಟಿಕೇಟಿನ ಹಿಂದೆ
ನೀಲಿ ಪೆನ್ನಲ್ಲಿ ಬರೆದಿದ್ದೆ:
ನಮಗೆ ಹದಿನಾರು. ಜೆಪ್ಪುವಿಗೆ ಹದಿನೈದು, ಒಂದು ಆಟ ಬಾಕಿ.
ಸೆಮಿಫೈನಲಿಗೆ ಉಳಿದದ್ದು ಒಂದೇ ಜಾಗ.

ಯಾರೂ ದೋಣಿ ಹತ್ತಲಿಲ್ಲ.
ಬೂಟು ಕಳಚಿ, ಲೇಸು ಗಂಟುಹಾಕಿ ಕೊರಳಿಗೆ ಇಳಿಬಿಟ್ಟು
ನೆಹರೂ ಮೈದಾನದ ಮೆಟ್ಟಿಲಲ್ಲಿ ಸಾಲಾಗಿ ಕೂತೆವು
ಉಳ್ಳಾಲದವರಿಗೆ ಚಪ್ಪಾಳೆ ತಟ್ಟಲು.

ಉಳ್ಳಾಲಕ್ಕೆ! ಕಳೆದ ವರ್ಷದ ಜಗಳದಲ್ಲಿ
ನನ್ನ ಕಿರುಬೆರಳು ಮುರಿದದ್ದು ಅವರ ಗೋಲಿ ತ್ವಾಹ.
ಈಗಲೂ ಮುಷ್ಟಿ ಕಟ್ಟಿದರೆ
ಅದೊಂದು ಬೆರಳು ಒಪ್ಪುವುದಿಲ್ಲ,
ಬೇರೆ ದಿಕ್ಕಿಗೆ ನೋಡಿಕೊಂಡಿರುತ್ತದೆ.
ಅದೇ ಕೈಯೆತ್ತಿ ಕೂಗಿದೆ, "ಹಿಡಿ ತ್ವಾಹಾ, ಬಿಡಬೇಡ!"

ಅವರಿಗೆ ಆಡಲು ಕಾರಣವೇ ಇರಲಿಲ್ಲ.
ಪಟ್ಟಿಯಲ್ಲಿ ಕೊನೆಯಿಂದ ಎರಡನೆಯವರು,
ಆಟ ಮುಗಿದ ಮೇಲೆ ತಿನ್ನಲು ಬಿರಿಯಾನಿ ಹೇಳಿಟ್ಟು ಬಂದಿದ್ದರಂತೆ.
ಆದರೂ ಆ ಮನುಷ್ಯ
ಬೊಂತೆಲ್ ತಿಂಗಳ ಒಣಗಿದ ಜಲ್ಲಿನೆಲಕ್ಕೆ
ಹಾಸಿಗೆಗೆ ಬೀಳುವ ಹಾಗೆ ಬೀಳುತ್ತಿದ್ದ,
ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ,
ಮೊಣಕೈಯ ರಕ್ತವನ್ನು ಚಡ್ಡಿಗೆ ಒರೆಸಿ ಮತ್ತೆ ಎಡಕ್ಕೆ.
ಒಬ್ಬ ಗೋಲಿ ಇನ್ನೊಬ್ಬನನ್ನು ನೋಡುವ ನೋಟ ಬೇರೆ.
ಚೆಂಡು ನೋಡಲಿಲ್ಲ ನಾನು, ಅವನ ಪಾದ ನೋಡಿದೆ.

ಐವತ್ತನೇ ನಿಮಿಷ, ಉಳ್ಳಾಲ ಒಂದು.
ನಾವು ಮೆಟ್ಟಿಲಿನಿಂದ ಬಿದ್ದೆವು ಸಂತೋಷಕ್ಕೆ.
ಧನಪಾಲಣ್ಣ ಎಲ್ಲರಿಗೂ ಸೋಡಾ ಹೇಳಿದರು.
ಗಡಿಯಾರ ನೋಡಬೇಡಿ ಎಂದು ಗಡಿಯಾರ ನೋಡಿದರು.
ಹದ್ದುಗಳು ಬಂದರಿನ ಕಡೆಗೆ ಮರಳುತ್ತಿದ್ದವು.

ಎಂಬತ್ತೆಂಟರಲ್ಲಿ ಜೆಪ್ಪುವಿನ ಒಂದು ಸೋಮಾರಿ ಹೊಡೆತ
ಯಾರದ್ದೋ ಮೊಣಕಾಲಿಗೆ ತಾಗಿ, ದಾರಿ ತಪ್ಪಿ,
ತ್ವಾಹ ಬಲಕ್ಕೆ ಹಾರಿದಾಗ
ಎಡಗಡೆಯಿಂದ ಬೆಕ್ಕಿನ ಹಾಗೆ ಒಳಗೆ ಹೋಯಿತು.

ಒಂದು–ಒಂದು.
ಟಿಕೇಟು ತಿರುಗಿಸಿದೆ. ಅಂಕ ಹದಿನಾರು, ಹದಿನಾರು.
ಗೋಲು ವ್ಯತ್ಯಾಸ ಐದು, ಐದು. ಹೊಡೆದದ್ದು ಹದಿನಾಲ್ಕು, ಹದಿನಾಲ್ಕು.
ನಾವು ನಾವೇ ಆಡಿದ್ದೂ ಡ್ರಾ,
ಆ ಮಳೆಯಲ್ಲಿ ಸಿನಾನ್ ಹೊಡೆದ ಚೆಂಡು ಕಂಬಕ್ಕೆ ತಾಗಿದ ಸದ್ದು
ಈಗ ಮತ್ತೆ ಕೇಳಿಸಿತು.

ಹಿಲರಿ ಮಾಸ್ಟ್ರು ನಿಯಮದ ಪುಸ್ತಕ ಓದಿದರು,
ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ. ಚೀಟಿ.
ಸ್ಟೀಲಿನ ಲೋಟ ಬಂತು. ಎತ್ತಲು
ಚರುಮುರಿಯವನ ಮಗಳನ್ನು ಕರೆದರು, ಏಳು ವರ್ಷವೋ ಎಂಟೋ.
ಮೊದಲು ಅವಳ ಕೈ ತೊಳೆಸಿದರು,
ಅದೃಷ್ಟದ ಕಣ್ಣಿಗೆ ಖಾರ ತಾಗಬಾರದೆಂದೋ ಏನೋ.
ಜೂನಿನಿಂದ ಹನ್ನೊಂದು ಮಂದಿ ಓಡಿದ ಓಟವನ್ನು
ಎರಡು ಒದ್ದೆ ಬೆರಳು ಎತ್ತಿದವು.

ಜೆಪ್ಪು.

ಅವರು ಕುಣಿಯಲಿಲ್ಲ ಹೆಚ್ಚು. ಅವರಿಗೂ ನಾಚಿಕೆಯಾಗಿತ್ತು.
ತ್ವಾಹ ನಮ್ಮ ಮೆಟ್ಟಿಲ ಹತ್ತಿರ ಬಂದ,
ಕೈ ಕೊಟ್ಟ, ಬಿಡುವಾಗ ಬೆರಳು ಕಂಡು
"ಇದು ಇನ್ನೂ ಸರಿಯಾಗ್ಲಿಲ್ವಾ?" ಎಂದ.
ನಾನು, "ನಿನ್ನ ಮೊಣಕೈಗೆ ಅರಿಶಿನ ಹಚ್ಚು."

ದೋಣಿಯಲ್ಲಿ ಯಾರೂ ಮಾತಾಡಲಿಲ್ಲ.
ಲೋಟದಲ್ಲಿ ಉಳಿದ ಚೀಟಿ ನಾನು ತಂದಿದ್ದೆ.
ಬಿಡಿಸಿದರೆ "ಬೆಂಗೆ" ಎಂದು ಬರೆದಿದ್ದರು ಗಡಿಬಿಡಿಯಲ್ಲಿ,
ರ ಒತ್ತು ಬಿಟ್ಟುಹೋಗಿತ್ತು.
ಪೆನ್ನು ತೆಗೆದೆ. ದೋಣಿ ಅಲ್ಲಾಡಿತು. ಹಾಗೇ ಕಿಸೆಗೆ ಹಾಕಿದೆ.

ರಾತ್ರಿ ಹತ್ತಕ್ಕೆ ವಯರ್‌ಲೆಸ್ ಗರಗರ ಎಂದಿತು.
ಕಾರವಾರದ ಆಚೆ ಎಲ್ಲೋ ಬಲೆ ಎಳೆಯುತ್ತಿದ್ದ ಸಿನಾನ್,
ಹದಿನಾಲ್ಕರಲ್ಲಿ ಒಂಬತ್ತು ಗೋಲು ಅವನದ್ದು,
ಹೊಟ್ಟೆಪಾಡಿಗೆ ಹತ್ತು ದಿನದ ಬೋಟು.
"ಎಂತಾಯ್ತು?"
ಧನಪಾಲಣ್ಣ ಗುಂಡಿ ಒತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಸಮ."
"ಸಮ ಅಂದ್ರೆ?"
"ಸಮ ಅಂದ್ರೆ ಸಮ ಮಾರಾಯ. ಮೀನುಂಟಾ?"